ಕುದುರೆ ಬೇಲಿ ತಿಂತಿದೆ, ಲಾಯದ ಬಾಗಿಲನ್ನೂ ಬಿಡ್ತಿಲ್ಲ. ಏನು ಮಾಡೋದು?

ಕನಕಪುರ ರಸ್ತೆ:
ಎಲ್ಲರಿಗೂ ನಮಸ್ಕಾರ. ಹಾರೋಹಳ್ಳಿ ಆಚೆ ನಮ್ಮದೊಂದು ಸಣ್ಣ ತೋಟ. ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ಒಂದನ್ನು ತಂದು ಸಾಕಿದ್ದೀವಿ. ಬೀಜ ಒಡೆಸಿದ ಗಂಡು, ಒಂಬತ್ತು ವರ್ಷ, ತೂಕ 450 ಕೆಜಿ ಆಸುಪಾಸು. ಸ್ವಭಾವದಲ್ಲಿ ಚಿನ್ನ. ಆದರೆ ಮಳೆ ಹಿಡಿದಾಗಿನಿಂದ ಮರ ತಿನ್ನೋಕೆ ನಿಂತಿದೆ. ನೀಲಗಿರಿ ಗೂಟಕ್ಕೆ ಸಿಲ್ವರ್ ಓಕ್ ಹಲಗೆ ಹೊಡೆಸಿದ ಬೇಲಿ. ಮೇಲಿನ ಹಲಗೆ ಈಗ ಗರಗಸದ ಹಲ್ಲಿನ ಥರ ಆಗಿದೆ, ಎರಡು ಕಡೆ ಅರ್ಧಕ್ಕರ್ಧ ಸವೆದು ಕೈಯಲ್ಲಿ ಅದುಮಿದರೆ ಮುರಿಯುತ್ತೆ. ರಾತ್ರಿ ಲಾಯದಲ್ಲಿ ಕಟ್ಟಿದರೆ ಬಾಗಿಲಿನ ಅಂಚು.

ಮೇವು ಬೆಳಿಗ್ಗೆ ಸಂಜೆ ಸೇರಿ 5 ಕೆಜಿ: ನೆನೆಸಿದ ಹುರುಳಿ, ಓಟ್ಸ್, ಗೋಧಿ ಬೂಸಾ. ಬೆಳಿಗ್ಗೆ ಹಸಿ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಒಂದು ಕಟ್ಟು, 5 ಕೆಜಿ ಬರಬಹುದು. ಸಂಜೆ ರಾಗಿ ಹುಲ್ಲು 2 ಕೆಜಿ. ಮೆಣಸಿನಕಾಯಿ ಅರೆದು ಬಳಿದೆ, ಎರಡು ದಿನ ದೂರ ಇತ್ತು, ಮಳೆ ಬಂತು, ಮತ್ತೆ ಶುರು. ಬೇವಿನೆಣ್ಣೆಗೂ ಅದೇ ಗತಿ. ಕೆಲಸದವರು ಗ್ಯಾರೇಜಿನಿಂದ ಸುಟ್ಟ ಎಂಜಿನ್ ಆಯಿಲ್ ತಂದು ಹಚ್ಚೋಣ ಅಂತಿದ್ದಾರೆ. ಅನುಭವ ಇರೋರು ಹೇಳಿ.

ಟಗರು ಪುಟ್ಟಿ:
ಬೇಲಿಯೇ ಎದ್ದು ಹೊಲ ಮೇಯ್ದಿದ್ದು ಗೊತ್ತಿತ್ತು. ಇದು ಹೊಸದು 😀

ಹಳೇ ಸವಾರ:
ಈ ಜೋಕು ಯಾರು ಮೊದಲು ಹೊಡೀತಾರೆ ಅಂತ ಕಾಯ್ತಾ ಇದ್ದೆ.

ಗಾಲಪ್:
ಕುತ್ತಿಗೆಗೆ ಕೊರಳಪಟ್ಟಿ ಬಿಗೀರಿ ಸಾರ್. ಆನ್‌ಲೈನ್‌ನಲ್ಲಿ ಸಿಗುತ್ತೆ. ಅವತ್ತೇ ನಿಲ್ಲುತ್ತೆ.

ಹಳೇ ಸವಾರ:
ಸ್ವಲ್ಪ ತಡೀರಿ. ಮೈಸೂರಲ್ಲಿ ಅಶ್ವದಳದಲ್ಲಿ ಇದ್ದವನು ನಾನು, ಈಗ ನಿವೃತ್ತಿ. ಪಟ್ಟಿ ಕಟ್ಟೋ ಮೊದಲು ಕುದುರೆ ಏನು ಮಾಡ್ತಿದೆ ಅಂತ ಪಕ್ಕದಲ್ಲಿ ನಿಂತು ನೋಡಿ. ಎರಡು ಬೇರೆ ಬೇರೆ ಚಾಳಿ ಇವೆ, ಜನ ಎರಡನ್ನೂ ಒಂದೇ ಅಂದ್ಕೋತಾರೆ.

ಒಂದು, ಮರವನ್ನು ನಿಜವಾಗಿ ಕಡಿದು ಅಗಿಯೋದು. ಸಿಪ್ಪೆ ಕೆಳಗೆ ಉದುರುತ್ತೆ, ಕೆಲವು ಹೊಟ್ಟೆಗೂ ಹೋಗುತ್ತೆ. ಇನ್ನೊಂದನ್ನ ನಾವು ಕ್ರಿಬ್ಬಿಂಗ್ ಅಂತೀವಿ. ಮುಂದಿನ ಹಲ್ಲನ್ನ ಹಲಗೆ ಮೇಲೆ ಊರಿ, ಕುತ್ತಿಗೆ ಬಿಲ್ಲಿನ ಹಾಗೆ ಮಾಡಿ, ಗಂಟಲ ಸ್ನಾಯು ಬಿಗಿ ಹಿಡಿದು ಗಾಳಿ ಎಳೀತವೆ. "ಗಕ್" ಅಂತ ತೇಗಿದ ಹಾಗೆ ಸದ್ದು ಬರುತ್ತೆ. ಅದರಲ್ಲಿ ಮರ ಸವೆಯೋದು ಕಡಿಮೆ, ಹಲ್ಲು ಸವೆಯೋದು ಜಾಸ್ತಿ. ಮೇಲ್ತುಟಿ ಎತ್ತಿ ನೋಡಿ, ಮುಂದಿನ ಹಲ್ಲಿನ ಹೊರ ಅಂಚು ಓರೆಯಾಗಿ ತೇದು ಹೋಗಿದ್ದರೆ ಅದು ಕ್ರಿಬ್ಬಿಂಗ್. ಕೊರಳಪಟ್ಟಿ ಇರೋದು ಅದಕ್ಕೆ, ಅದೂ ಬರೀ ತಡೆ, ಔಷಧಿ ಅಲ್ಲ. ಮರ ಅಗಿಯೋ ಕುದುರೆಗೆ ಪಟ್ಟಿ ಬಿಗಿದರೆ ಚರ್ಮ ಉಜ್ಜಿ ಗಾಯ ಆಗುತ್ತೆ, ಬಾಯಿ ಆಡ್ತಾನೇ ಇರುತ್ತೆ.

ಸುಟ್ಟ ಆಯಿಲ್ ಮಾತ್ರ ಬೇಡವೇ ಬೇಡ. ನೆಕ್ಕಿದರೆ ಸೀಸದಂಥ ಲೋಹಗಳೆಲ್ಲ ಹೊಟ್ಟೆಗೆ ಹೋಗುತ್ತವೆ, ಮೈ ತಾಗಿದ ಕಡೆ ಚರ್ಮ ಸುಡುತ್ತೆ. ಟಾರು, ಮರ ಕೆಡದ ಹಾಗೆ ಹಚ್ಚೋ ಕ್ರಿಯೋಸೋಟ್ ಎಣ್ಣೆ ಕೂಡ ಬೇಡ.

ಕನಕಪುರ ರಸ್ತೆ:
ಧನ್ಯವಾದ ಸಾರ್. ಅಗಿಯೋದೇ. ಸದ್ದೇನೂ ಇಲ್ಲ. ಹಲ್ಲಿನ ಅಂಚು ಸರಿಯಾಗೇ ಇದೆ. ಲದ್ದಿಯಲ್ಲಿ ಕಡ್ಡಿ ಕಡ್ಡಿ ಕಾಣುತ್ತೆ, ಅಂದರೆ ನುಂಗ್ತಾ ಇದೆ.

ಪಶುವೈದ್ಯ ಹಾಸನ:
ನುಂಗುತ್ತಿದ್ದರೆ ಬೇಲಿಗಿಂತ ಮೊದಲು ಕುದುರೆ ಕಡೆ ನೋಡೋಣ.

ನೀವು ಬರೆದ ಮೇವಿನ ಪಟ್ಟಿಯಲ್ಲೇ ಉತ್ತರ ಇದೆ ಅನಿಸುತ್ತದೆ. ಕುದುರೆಗೆ ದಿನಕ್ಕೆ ದೇಹತೂಕದ ಶೇ. 1.5ರಿಂದ 2ರಷ್ಟು ನಾರಿನ ಮೇವು ಬೇಕು, ಒಣ ಲೆಕ್ಕದಲ್ಲಿ. 450 ಕೆಜಿಗೆ ಅದು 6.75ರಿಂದ 9 ಕೆಜಿ. ಹಸಿ ಕುದುರೆ ಮಸಾಲೆಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಅಲ್ಲಿಗೆ ನಿಮ್ಮ 5 ಕೆಜಿ ಕಟ್ಟು ಒಣ ಲೆಕ್ಕದಲ್ಲಿ 1 ಕೆಜಿ. ರಾಗಿ ಹುಲ್ಲು ಸೇರಿಸಿದರೂ 3 ಕೆಜಿ ಮುಟ್ಟುವುದಿಲ್ಲ. ಬೇಕಾದುದರ ಅರ್ಧವೂ ಇಲ್ಲ.

ಇದನ್ನೇ ಹೊತ್ತಿನ ಲೆಕ್ಕದಲ್ಲಿ ನೋಡಿ. ಒಂದು ಕೆಜಿ ಒಣಹುಲ್ಲು ಅಗಿಯಲು ಕುದುರೆಗೆ ಸುಮಾರು 40 ನಿಮಿಷ ಬೇಕು, ಒಂದು ಕೆಜಿ ಕಾಳಿಗೆ 10 ನಿಮಿಷದಷ್ಟು ಸಾಕು. ನಿಮ್ಮ ಕುದುರೆಯ ಬಾಯಿಗೆ ದಿನಕ್ಕೆ ಕೆಲಸ ಇರುವುದು ಮೂರು ಗಂಟೆಯ ಹತ್ತಿರ. ಬಯಲಿನಲ್ಲಿ ಬಿಟ್ಟರೆ ಇದೇ ಪ್ರಾಣಿ ದಿನದಲ್ಲಿ 16 ಗಂಟೆಯವರೆಗೂ ಮೇಯುತ್ತದೆ. ಉಳಿದ ಹೊತ್ತು ಅದು ಏನು ಮಾಡಬೇಕು? ಹಲಗೆ ಇದೆ, ಅಗಿಯುತ್ತದೆ.

ಹೊಟ್ಟೆಯ ವಿಷಯ ಇನ್ನೂ ಮುಖ್ಯ. ಕುದುರೆಯ ಜಠರದಲ್ಲಿ ಆಮ್ಲ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ, ತಿಂದರೂ ಸರಿ, ತಿನ್ನದಿದ್ದರೂ ಸರಿ. ಆ ಆಮ್ಲವನ್ನು ತಣಿಸುವುದು ಜೊಲ್ಲು. ಜೊಲ್ಲು ಬರುವುದು ಅಗಿಯುವಾಗ ಮಾತ್ರ. ಜಠರದ ಮೇಲರ್ಧದ ಗೋಡೆಗೆ ಆಮ್ಲ ತಡೆಯುವ ಲೋಳೆಪೊರೆಯೂ ಇಲ್ಲ. ಕಾಳು ಜಾಸ್ತಿ, ಹುಲ್ಲು ಕಡಿಮೆ, ದಿನವಿಡೀ ಲಾಯ ಎಂಬ ವ್ಯವಸ್ಥೆಯಲ್ಲಿ ಬೆಳೆದ ರೇಸ್ ಕುದುರೆಗಳಲ್ಲಿ ಬಹುಪಾಲಿಗೆ ಜಠರದ ಹುಣ್ಣು ಇರುತ್ತದೆ. ಎಂಡೋಸ್ಕೋಪಿ ಮಾಡಿಸದೆ ಖಚಿತ ಹೇಳಲಾಗದು. ಆದರೆ ಕಾಳು ಅರ್ಧಕ್ಕೆ ಬಿಡುವುದು, ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚುವುದು, ಆಗಾಗ ಸಣ್ಣ ಹೊಟ್ಟೆನೋವು, ಇವೆಲ್ಲ ಇದ್ದರೆ ನಿಮ್ಮ ವೈದ್ಯರಿಗೆ ಹೇಳಿ. ಆಮ್ಲ ಇಳಿಸುವ ಒಮೆಪ್ರಝೋಲ್ ಇದೆ, ಆದರೆ ಹುಲ್ಲು ಹೆಚ್ಚಿಸದೆ ಬರೀ ಔಷಧಿ ಕೊಟ್ಟರೆ ನಿಲ್ಲಿಸಿದ ಮೇಲೆ ಮತ್ತೆ ಹುಣ್ಣು.

ಬೂಸಾ ಕಡಿಮೆ ಮಾಡಿ. ಅದರಲ್ಲಿ ರಂಜಕ ವಿಪರೀತ, ಸುಣ್ಣದಂಶ ಕಡಿಮೆ. ಬಹಳ ಕಾಲ ಹಾಗೇ ಹೋದರೆ ಕುದುರೆ ಮೂಳೆಯಿಂದ ಸುಣ್ಣ ಎಳೆದುಕೊಳ್ಳುತ್ತದೆ, ಮುಖದ ಮೂಳೆ ಊದುತ್ತದೆ. ಉಪ್ಪು ಕೊಡುತ್ತಿದ್ದೀರಾ? ಈ ತೂಕದ ಕುದುರೆಗೆ ಸುಮ್ಮನೆ ನಿಂತ ದಿನವೂ 25 ಗ್ರಾಂ ಅಡುಗೆ ಉಪ್ಪು ಬೇಕು, ಬೆವರಿದ ದಿನ ಇನ್ನೂ ಹೆಚ್ಚು. ಉಪ್ಪಿನ ಗಟ್ಟಿ ತರುವಾಗ ಬರೀ ಉಪ್ಪಿನದೇ ತನ್ನಿ. ದನಗಳಿಗೆಂದು ಮಾಡಿದ ಆಹಾರ, ನೆಕ್ಕುವ ಗಟ್ಟಿಗಳಲ್ಲಿ ಮೊನೆನ್ಸಿನ್ ಇರಬಹುದು. ದನಕ್ಕೆ ಒಗ್ಗುವ ಆ ವಸ್ತು ಕುದುರೆಯ ಹೃದಯದ ಸ್ನಾಯುವನ್ನೇ ಕೊಲ್ಲುತ್ತದೆ, ಸ್ವಲ್ಪವೇ ಸಾಕು.

ಹುಲ್ಲು ಹೆಚ್ಚಿಸುವುದು, ಕಾಳು ಇಳಿಸುವುದು ಎರಡೂ ನಿಧಾನವಾಗಿ, ಹತ್ತು ಹದಿನಾಲ್ಕು ದಿನದಲ್ಲಿ. ನೀರು ಸದಾ ಮುಂದಿರಲಿ, ರಾಗಿ ಹುಲ್ಲು ಒರಟು, ನೀರು ಕಡಿಮೆಯಾದರೆ ಕರುಳಲ್ಲಿ ಕಟ್ಟಿಕೊಳ್ಳುತ್ತದೆ. ಹಲ್ಲನ್ನೂ ತೋರಿಸಿ. ದವಡೆ ಹಲ್ಲಿನ ನಡುವೆ ಮರದ ಚಕ್ಕೆ ಅಡ್ಡ ಸಿಕ್ಕಿಕೊಂಡು ಅಂಗುಳಕ್ಕೆ ಒತ್ತಿಕೊಂಡಿದ್ದನ್ನು ಕಂಡಿದ್ದೇನೆ. ಅರ್ಧ ಅಗಿದ ಹುಲ್ಲಿನ ಉಂಡೆ ಬಾಯಿಂದ ಬೀಳುತ್ತಿತ್ತು, ಹತ್ತಿರ ಹೋದರೆ ಕೊಳೆತ ವಾಸನೆ. ಮನೆಯವರು ಜ್ವರ ಎಂದುಕೊಂಡಿದ್ದರು.

ಧಾರವಾಡದಾಂವ:
ಡಾಕ್ಟರ್ ಹೇಳಿದ್ದು ಖರೇ ಐತ್ರಿ. ನಮ್ಮ ಮನ್ಯಾಗ ಅಜ್ಜನ ಕಾಲದಿಂದ ಕುದರಿ ಅದಾವು. ಬಿಳಿಜ್ವಾಳದ ಕಣಿಕಿ ಇಡೀ ದಂಟ ಹಾಕತೀವಿ, ಕಡದು ಹಾಕೂದಿಲ್ಲ. ದಂಟ ಒಡದು, ಸಿಪ್ಪಿ ಸುಲದು, ಒಳಗಿನ ಬೆಂಡು ತಿನ್ನೂದ್ರಾಗ ರಾತ್ರಿ ಕಳೀತದ. ನಮ್ಮ ಗ್ವಾದಲಿ ಕಟಗೀದು, ಇಷ್ಟು ವರ್ಷಾತು, ಒಂದು ಹಲ್ಲಿನ ಗುರ್ತ ಇಲ್ಲ. ಪ್ಯಾಟ್ಯಾಗ ಮಂದಿ ಎಲ್ಲಾ ಮಷಿನ್ಯಾಗ ಸಣ್ಣಗ ಕತ್ತರಿಸಿ ಕೊಡತಾರ, ಕುದರಿ ಹತ್ತು ನಿಮಿಷದಾಗ ಮುಗಿಸಿ ಮಾರಿ ನೋಡಕೋತ ನಿಂದರತದ. ಆಮ್ಯಾಲ ಬಾಗಲಾ ತಿಂತು ಅಂತ ಅಳತಾರ.

ಪಶುವೈದ್ಯ ಹಾಸನ:
ಬಲಿತು ಒಣಗಿದ ಕಣಿಕೆಗೆ ನನ್ನ ಅಡ್ಡಿಯಿಲ್ಲ. ಹಸಿ ಜೋಳ ಮಾತ್ರ ಕುದುರೆಗೆ ಬೇಡ, ಅದರಲ್ಲೂ ಎಳೆಯದು, ಕೂಳೆಯಲ್ಲಿ ಚಿಗುರಿದ್ದು. ಅದರಿಂದ ಬರುವ ಸೈನೈಡ್ ವಿಷ ಒಂದು ಕಡೆ. ದಿನಗಟ್ಟಲೆ ತಿಂದರೆ ಮೂತ್ರಕೋಶ ಕೆಟ್ಟು, ಹಿಂಗಾಲು ಸ್ವಾಧೀನ ತಪ್ಪುವುದು ಇನ್ನೊಂದು ಕಡೆ.

ಬ್ರಿಸ್ಬೇನ್ ಕನ್ನಡತಿ:
ನಾನು ಕ್ವೀನ್ಸ್‌ಲ್ಯಾಂಡ್‌ನಲ್ಲಿದ್ದೀನಿ, ಎರಡು ಕುದುರೆ ಇವೆ. ಬೂಸಾ ವಿಷಯ ಬಂತಲ್ಲ, ಅದಕ್ಕೆ ಸೇರಿಸ್ತೀನಿ. ಇಲ್ಲಿ ಸಿಟೇರಿಯಾ, ಬಫೆಲ್ ಥರದ ಉಷ್ಣವಲಯದ ಹುಲ್ಲಿನಲ್ಲಿ ಆಕ್ಸಲೇಟ್ ಜಾಸ್ತಿ. ಅದು ಸುಣ್ಣವನ್ನು ಹಿಡಿದಿಟ್ಟುಕೊಂಡು ಲದ್ದಿಯಲ್ಲಿ ಹೊರಗೆ ಹಾಕಿಬಿಡುತ್ತೆ. ಡಾಕ್ಟರ್ ಹೇಳಿದ ಮುಖದ ಮೂಳೆ ಊದೋ ಕಾಯಿಲೆಗೆ ಇಲ್ಲಿನವರು "ಬಿಗ್ ಹೆಡ್" ಅಂತಾರೆ, ಅದಕ್ಕೇ ಹೆದರೋದು. ನಮ್ಮೂರಲ್ಲಿ ನೇಪಿಯರ್ ಎಲ್ಲ ಕಡೆ ಹಾಕ್ತಾರೆ, ಅದೂ ಇದೇ ಗುಂಪಿಗೆ ಸೇರುತ್ತೆ. ಬೂಸಾ ಮತ್ತು ನೇಪಿಯರ್ ಎರಡನ್ನೇ ನಂಬಿ ಕುದುರೆ ಸಾಕಬೇಡಿ. ಗರಿಕೆ ಸಿಕ್ಕರೆ ಅದಕ್ಕಿಂತ ಒಳ್ಳೇದಿಲ್ಲ.

ಇನ್ನೊಂದು, ನಿಮ್ಮ ಗೂಟಗಳಿಗೆ ಗೆದ್ದಲು ಬಾರದ ಹಾಗೆ ಏನಾದರೂ ಹಚ್ಚಿಸಿದ್ದೀರಾ? ಹಸಿರು ಛಾಯೆಯ ಮರ ಕಂಡರೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ಒತ್ತಡದಲ್ಲಿ ಕುಡಿಸಿದ್ದು ಇರಬಹುದು. ಇಲ್ಲಿ ಮಕ್ಕಳ ಆಟದ ಸಲಕರಣೆಗೆ ಅದನ್ನ ಬಳಸೋ ಹಾಗಿಲ್ಲ ಅಂತ 2006ರಲ್ಲಿ ನಿರ್ಬಂಧ ಬಂತು. ಬೇಲಿ ಗೂಟಕ್ಕೆ ಈಗಲೂ ಬಳಸ್ತಾರೆ. ಗೂಟ ಒಂದೊಂದು ಸಲ ಕಚ್ಚಿದರೆ ಬೇರೆ, ದಿನಾ ಅಗಿದು ನುಂಗೋ ಕುದುರೆ ಇದ್ದರೆ ಆ ಮರ ಅದಕ್ಕೆ ಸಿಗಬಾರದು. ಹಳೇ ಬಾಗಿಲಿನ ಸೀಸದ ಬಣ್ಣವೂ ಹಾಗೇ.

ಕನಕಪುರ ರಸ್ತೆ:
ಗೂಟದ ಬುಡಕ್ಕೆ ಮಾತ್ರ ಟಾರು ಇದೆ, ಮಣ್ಣೊಳಗೆ. ಮೇಲೆ ಏನೂ ಇಲ್ಲ. ಉಪ್ಪು ಕೊಡ್ತಿರಲಿಲ್ಲ, ಇವತ್ತಿಂದ ಶುರು. ಹುಲ್ಲಿನ ಲೆಕ್ಕ ನೋಡಿ ನಮ್ಮ ಮನೆಯವಳು "ಪಾಪ, ಹಸಿದಿದೆ ಅದು" ಅಂದಳು. ಕುದುರೆ ತಂದುಕೊಟ್ಟವರು ಬರೆದುಕೊಟ್ಟ ಮೇವಿನ ಪಟ್ಟಿ ಇದು, ರೇಸಿನ ದಿನಗಳದ್ದೇ ಇರಬೇಕು.

ಒಂದು ಪ್ರಶ್ನೆ. ಅಗಿಯೋಕೆ ಮರವೇ ಬೇಕು ಅಂದರೆ ಬೇರೆ ಕೊಂಬೆ ಹಾಕಬಹುದಾ? ಬೇಲಿ ಸಾಲಲ್ಲಿ ಗ್ಲಿರಿಸೀಡಿಯಾ ಬೇಕಾದಷ್ಟಿದೆ.

ರೇಷ್ಮೆ ಸೀಮೆ:
ಗ್ಲಿರಿಸೀಡಿಯಾ ಬೇಡ ಸಾರ್! ಮೇಕೆಗೆ ಹಾಕ್ತೀವಿ ಅಂತ ಕುದುರೆಗೂ ಹಾಕೋಕಾಗಲ್ಲ. ಮೆಲುಕು ಹಾಕೋ ಪ್ರಾಣಿ ಅರಗಿಸಿಕೊಳ್ಳೋದು ಕುದುರೆಗೆ ವಿಷ ಆಗಬಹುದು. ಸುಬಾಬುಲ್ ಕೂಡ ಅಷ್ಟೇ, ಅದರಲ್ಲಿರೋ ಮಿಮೋಸಿನ್‌ನಿಂದ ಕುದುರೆಯ ಕೇಸರ, ಬಾಲದ ಕೂದಲು ಉದುರಿ ಬೋಳಾಗುತ್ತೆ. ಬೇಲಿ ಸಾಲಲ್ಲಿ ಕಣಗಿಲೆ ಇದೆಯಾ ನೋಡಿ, ಇದ್ದರೆ ಇವತ್ತೇ ಬೇರು ಸಮೇತ ತೆಗೆಸಿ. ಹಸಿ ಎಲೆ, ಒಣ ಎಲೆ, ಕಡ್ಡಿ ಎಲ್ಲವೂ ಹೃದಯಕ್ಕೆ ವಿಷ. ಕತ್ತರಿಸಿದ್ದನ್ನ ಅಲ್ಲೇ ಒಣಗೋಕೆ ಬಿಡಬೇಡಿ. ಹರಳು, ಕಾಡುಹರಳು, ಲಂಟಾನ ಇವೂ ಬೇಡ.

ನಿಮ್ಮ ಸುತ್ತ ಹಿಪ್ಪುನೇರಳೆ ತೋಟ ಎಷ್ಟಿಲ್ಲ? ರಾಮನಗರ, ಕನಕಪುರ ಅಂದ ಮೇಲೆ ಅದಕ್ಕೆ ಬರವೇ ಇಲ್ಲ. ಅದರ ಕೊಂಬೆ ಕುದುರೆಗೆ ಹಾಕಬಹುದು, ಎಲೆ ತಿಂದು ತೊಗಟೆ ಸುಲಿದು ಆಡಿಕೊಂಡಿರುತ್ತೆ. ಆದರೆ ರೇಷ್ಮೆ ಹುಳು ಮನೆಯಿಂದ ಆಚೆ ಬಿಸಾಕಿದ ಕಡ್ಡಿ ತರಬೇಡಿ, ಅದರ ಮೇಲೆ ಸುಣ್ಣ, ಬ್ಲೀಚಿಂಗ್ ಪೌಡರ್, ಬೂಸ್ಟು ಎಲ್ಲಾ ಇರುತ್ತೆ. ತೋಟದಿಂದಲೇ ತನ್ನಿ, ಔಷಧಿ ಹೊಡೆದು ಎಷ್ಟು ದಿನ ಆಯ್ತು ಅಂತ ಕೇಳಿ.

ಬೇಲಿ ಕೆಲಸ:
ಮೇವಿನ ಮಾತಾಯ್ತು, ನಾನು ಬೇಲಿ ಬಗ್ಗೆ ಹೇಳ್ತೀನಿ. ಕುದುರೆ ಸರಿ ಹೋಗೋವರೆಗೂ ಬೇಲಿ ನಿಂತಿರಬೇಕಲ್ಲ. ಅರ್ಧ ಸವೆದ ಹಲಗೆಗೆ ಒಂದು ಸಲ ಎದೆ ಕೊಟ್ಟು ತಳ್ಳಿದರೆ ಮುರಿದು ಚೂಪು ತುದಿ ಹೊಟ್ಟೆಗೆ ಚುಚ್ಚುತ್ತೆ. ಅವನ್ನ ಮೊದಲು ಬದಲಾಯಿಸಿ.

ಹಲ್ಲು ಸಿಗೋದು ಅಂಚಿಗೆ. ಅಗಲ ಮೈಗೆ ಕಚ್ಚೋಕೆ ಆಗಲ್ಲ. ಅದಕ್ಕೆ ಮೇಲಿನ ಹಲಗೆಯ ಅಂಚಿಗೆ ಉದ್ದಕ್ಕೂ 25 ಮಿಲಿಮೀಟರಿನ ಜಿಐ ಆಂಗಲ್ (ಸತುವು ಲೇಪಿಸಿದ, L ಆಕಾರದ ಕಬ್ಬಿಣದ ಪಟ್ಟಿ) ಕೂರಿಸಿ, ಸ್ಕ್ರೂ ತಲೆ ಒಳಗೆ ಕೂರೋ ಹಾಗೆ ತೂತು ಕೊರೆಸಿ. ತಗಡು ಬಡಿಯೋದು ಅಗ್ಗ, ಆದರೆ ಒಂದು ಮೊಳೆ ಎದ್ದರೂ ತುಟಿ ಸೀಳುತ್ತೆ. ಆಂಗಲ್‌ನ ತುದಿಗಳನ್ನ ಅರದಿಂದ ಉಜ್ಜಿ ದುಂಡಗೆ ಮಾಡಿಸಿ. ಲಾಯದ ಅರೆಬಾಗಿಲಿನ ಮೇಲಂಚಿಗೂ ಇದೇ.

ಹೊಸದಾಗಿ ಹಾಕೋರಿಗೆ ನನ್ನ ಸಲಹೆ ಕಲ್ಲು ಕಂಬ, ಎರಡು ಇಂಚಿನ ಜಿಐ ಪೈಪು. ಹಲ್ಲೂ ಇಳಿಯಲ್ಲ, ಗೆದ್ದಲೂ ಹತ್ತಲ್ಲ. ಕಂಬದ ಮೂಲೆಗಳನ್ನ ಉಳಿಯಿಂದ ಹೊಡೆಸಿ ಮೊಂಡು ಮಾಡಿಸಿ. ಮುಳ್ಳುತಂತಿ ಕುದುರೆಗೆ ಯಾವತ್ತೂ ಬೇಡ. ದನ ತಗುಲಿದರೆ ನಿಲ್ಲುತ್ತೆ, ಕುದುರೆ ಬೆದರಿ ಎಳೆದು ಕಾಲಿನ ಮಾಂಸವೇ ಕಿತ್ತು ಬರುತ್ತೆ.

ಇರೋ ಮರದ ಬೇಲಿನೇ ಉಳಿಸಬೇಕು ಅಂದರೆ ಒಳಗಡೆ, ಮೇಲಿನ ಹಲಗೆಗೆ ಒಂದು ಗೇಣು ಮುಂದೆ ಸೋಲಾರ್ ಬೇಲಿಯ ಒಂದೇ ಎಳೆ ಎಳೀರಿ. ಅಗಲ ಪಟ್ಟಿಯ ಟೇಪು ಸಿಗುತ್ತೆ, ಕುದುರೆಗೆ ಕಾಣುತ್ತೆ. ಆನೆ, ಹಂದಿಗೆ ಹಾಕೋ ಎನರ್ಜೈಸರೇ (ಎಳೆಗೆ ಶಾಕ್ ಕೊಡೋ ಪೆಟ್ಟಿಗೆ), ಆದರೆ ಕಡಿಮೆ ಶಕ್ತಿಯದ್ದು. ಸೆಕೆಂಡಿಗೊಂದು ಸಲ ಚುರುಕ್ ಅನ್ನುತ್ತೆ, ಅಷ್ಟೇ. ಮನೆ ಕರೆಂಟಿಂದ ನೇರ ತಂತಿ ಎಳೆಯೋರು ಇದ್ದಾರೆ. ಅದು ಅಪರಾಧ, ಕುದುರೆ ಜೊತೆ ಮನುಷ್ಯರೂ ಸಾಯ್ತಾರೆ.

ಗಾಲಪ್:
ಸರಿ, ಪಟ್ಟಿ ಬಿಟ್ಟೆ. ಆದರೆ ಒಂದು ಹೇಳ್ಲಾ? ನಾನು ಹೋಗೋ ಸವಾರಿ ಶಾಲೆಯಲ್ಲಿ ದಿನವಿಡೀ ಹುಲ್ಲು ಮುಂದಿಟ್ಟರೂ ಒಂದು ಹೆಣ್ಣು ಕುದುರೆ ಕಂಬ ಕೆರೆಯುತ್ತೆ. ಎಲ್ಲದಕ್ಕೂ ಹುಲ್ಲು, ಹುಲ್ಲು ಅಂದರೆ ಹೇಗೆ?

ಹಳೇ ಸವಾರ:
ಅದೂ ನಿಜ. ನಾರು ಹೆಚ್ಚಿಸಿದರೆ ಬಹಳಷ್ಟು ಕಡಿಮೆ ಆಗುತ್ತೆ, ಎಲ್ಲದರಲ್ಲೂ ಪೂರ್ತಿ ಹೋಗಲ್ಲ. ಮಳೆಗಾಲದಲ್ಲಿ, ಚಳಿಯಲ್ಲಿ ಜಾಸ್ತಿ ಆಗೋದು ಎಲ್ಲ ಕಡೆ ಕಂಡಿದ್ದೇ. ಒದ್ದೆ ಮರ ಮೆತ್ತಗೆ, ಹೊರಗೆ ಬಿಡೋದೂ ಕಡಿಮೆ. ಆ ಹೆಣ್ಣು ಕುದುರೆಗೆ ಪಕ್ಕದಲ್ಲಿ ಯಾರಾದರೂ ಕಾಣ್ತಾರಾ? ಗೋಡೆ ಎತ್ತರ ಇದ್ದು ಇನ್ನೊಂದು ಕುದುರೆಯ ಮುಖ ಕಾಣದ ಹಾಗೆ ಕಟ್ಟಿದರೆ ಅರ್ಧ ಚಾಳಿ ಅಲ್ಲೇ ಹುಟ್ಟುತ್ತೆ. ಕುದುರೆ ಮಂದೆಯ ಪ್ರಾಣಿ. ಕನಕಪುರ ರಸ್ತೆಯವರೇ, ನಿಮ್ಮದು ಒಂಟಿಯಾ?

ಕನಕಪುರ ರಸ್ತೆ:
ಒಂಟಿ. ನಾಲ್ಕು ಮೇಕೆ ಇವೆ, ಬೇರೆ ಕಡೆ ಕಟ್ಟಿರುತ್ತೆ.

ಹಳೇ ಸವಾರ:
ಹತ್ತಿರ ಕಟ್ಟಿ ನೋಡಿ. ಇನ್ನೊಂದು ಕುದುರೆಗೆ ಸಮ ಅಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ಮೇಲು. ಕುದುರೆಯ ಬಾಲ ಮೇಕೆಗೆ ಸಿಗದ ಹಾಗೆ ನೋಡ್ಕೊಳ್ಳಿ.

ಕುಣಿಗಲ್ ಹುಡುಗ:
ಮರಿಗಳ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಮೂರು ವರ್ಷದ್ದೊಂದಿದೆ, ಅದೂ ಕಡಿಯುತ್ತೆ.

ಪಶುವೈದ್ಯ ಹಾಸನ:
ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಕ್ಕೆ ಮುಂದಿನ ಹಾಲುಹಲ್ಲು ಜೋಡಿ ಜೋಡಿಯಾಗಿ ಬಿದ್ದು ಹೊಸದು ಬರುತ್ತವೆ. ಒಸಡು ನೋಯುವಾಗ ಸಿಕ್ಕಿದ್ದನ್ನು ಕಚ್ಚುವುದು ಸಹಜ. ಬಾಯಿ ತೆಗೆಸಿ ನೋಡಿಸಿ, ಹಳೆಯ ಹಲ್ಲಿನ ಟೊಪ್ಪಿ ಕಳಚದೆ ಸಿಕ್ಕಿಕೊಂಡಿರಬಹುದು.

ಮರಿ ಸಾಕುವವರಿಗೆ ಇದೂ ಉಪಯೋಗವಾದೀತು. ಇಂಗ್ಲೆಂಡಿನಲ್ಲಿ 225 ಮರಿಗಳನ್ನು ನಾಲ್ಕು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಶೇ. 30ರಷ್ಟು ಮರಿಗಳು ಮರ ಅಗಿಯುತ್ತಿದ್ದವು, ಶೇ. 10ರಷ್ಟು ಕ್ರಿಬ್ಬಿಂಗ್ ಕಲಿತವು. ತಾಯಿಯಿಂದ ಬಿಡಿಸಿದ ಮೇಲೆ ಕಾಳಿನ ಮೇವಿಗೆ ಹಾಕಿದ ಮರಿಗಳಲ್ಲಿ ಕ್ರಿಬ್ಬಿಂಗ್ ಶುರುವಾಗುವ ಸಂಭವ ನಾಲ್ಕು ಪಟ್ಟು. ಹಾಲು ಬಿಡಿಸುವ ಕಾಲದಲ್ಲಿ ಲಾಯಕ್ಕೆ ತುಂಬಿ ಕಾಳು ಸುರಿಯುವುದಕ್ಕಿಂತ ಹುಲ್ಲುಗಾವಲಿನಲ್ಲಿ ಜೊತೆಗಾರರ ಸಂಗಡ ಬಿಡುವುದು ಒಳ್ಳೆಯದು.

ಟಗರು ಪುಟ್ಟಿ:
ಮೆಣಸಿನಕಾಯಿ ಬಗ್ಗೆ ಯಾರೂ ಮಾತಾಡ್ಲಿಲ್ಲ? ನಮ್ಮ ಕಡೆ ಎಲ್ಲರೂ ಅದನ್ನೇ ಬಳಿಯೋದು.

ಬ್ರಿಸ್ಬೇನ್ ಕನ್ನಡತಿ:
ಬಳಿದವರ ಕೈ ಉರಿಯುತ್ತೆ, ಕುದುರೆ ಪಕ್ಕದ ಹಲಗೆಗೆ ಹೋಗುತ್ತೆ. ಕೆಲವಕ್ಕಂತೂ ರುಚಿಯೇ ಹತ್ತಿಬಿಡುತ್ತೆ. ಸ್ಪರ್ಧೆಗೆ ಹೋಗೋ ಕುದುರೆ ಇದ್ದರೆ ಇನ್ನೊಂದು ತೊಡಕು: ಮೆಣಸಿನ ಕ್ಯಾಪ್ಸೈಸಿನ್ ನಿಷೇಧಿತ ವಸ್ತು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಕುದುರೆ ಸ್ಪರ್ಧೆಗಳು ಹಾಂಗ್‌ಕಾಂಗ್‌ನಲ್ಲಿ ನಡೆದವು. ಅಲ್ಲಿ ಒಂದು ಕುದುರೆಯಲ್ಲಿ ಕ್ಯಾಪ್ಸೈಸಿನ್ ಸಿಕ್ಕಿ ನಾರ್ವೆಯ ಜಂಪಿಂಗ್ ತಂಡ ಕಂಚಿನ ಪದಕ ಕಳ್ಕೊಂಡಿತು. ಬೇಲಿಗೆ ಬಳಿದದ್ದು ಅಂತ ಅಲ್ಲ, ಆದರೆ ಮೈಗೆ ಹೋದ ಮೇಲೆ ಪರೀಕ್ಷೆಗೆ ಎಲ್ಲಾ ಒಂದೇ.

ಕನಕಪುರ ರಸ್ತೆ:
ಮಳೆ ನಿಂತಿದೆ, ಆದದ್ದು ಹೇಳ್ತೀನಿ. ಕಾಳು 2 ಕೆಜಿಗೆ ಇಳಿದಿದೆ, ಬೂಸಾ ಪೂರ್ತಿ ಬಂದ್. ರೋಡ್ಸ್ ಹುಲ್ಲಿನ ಒಣಗಟ್ಟು ಸಿಕ್ಕಿತು, ರಾಗಿ ಹುಲ್ಲಿನ ಜೊತೆ ಸೇರಿಸಿ ದಿನಕ್ಕೆ 8 ಕೆಜಿ. ರಾತ್ರಿ ಪಾಲನ್ನ ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ಕಟ್ತೀವಿ, ಬೆಳಿಗ್ಗೆ ಐದಕ್ಕೆ ನೋಡಿದರೂ ಇನ್ನೂ ಎಳೀತಾ ಇರುತ್ತೆ. ವೈದ್ಯರು ಬಂದು ಹಲ್ಲನ್ನ ಅರದಿಂದ ಉಜ್ಜಿ ಸಮ ಮಾಡಿದರು, ಹಿಂದಿನ ದವಡೆಯಲ್ಲಿ ಕೊಕ್ಕೆ ಬೆಳೆದಿತ್ತಂತೆ. ಮೇಕೆಗಳು ಈಗ ಪಕ್ಕದಲ್ಲೇ. ರಸ್ತೆ ಕಡೆಯ ಬೇಲಿಗೆ ಆಂಗಲ್ ಹೊಡೆಸಿದ್ದಾಯ್ತು.

ಹಲಗೆ ಕಡೆ ಹೋಗೋದು ಬಹಳ ಕಡಿಮೆಯಾಗಿದೆ. ಲದ್ದಿಯಲ್ಲಿ ಕಡ್ಡಿ ಇಲ್ಲ. ಆದರೆ ಮೇವಿನ ಹೊತ್ತಿಗೆ ಐದು ನಿಮಿಷ ತಡ ಆದರೆ ಗೇಟಿನ ಮೂಲೆಗೆ ಬಾಯಿ ಹಾಕೇ ಹಾಕುತ್ತೆ, ನನ್ನನ್ನೇ ನೋಡ್ಕೊಂಡು.

ಹಳೇ ಸವಾರ:
ಅದು ಹಸಿವಲ್ಲ, ಗಂಟೆ ಬಾರಿಸ್ತಿದೆ. ಕಚ್ಚಿದ ತಕ್ಷಣ ಬಕೆಟ್ ಹಿಡ್ಕೊಂಡು ಓಡಬೇಡಿ, ಬಿಟ್ಟ ಮೇಲೆ ಕೊಡಿ. ಮೂಲೆಗೂ ಆಂಗಲ್ ಹಾಕಿಸಿ. ಬಲೆ ಎಷ್ಟು ಎತ್ತರಕ್ಕೆ ಕಟ್ಟಿದ್ದೀರಿ? ಲಾಳ ಇದ್ದರೆ ಹುಷಾರು, ಖಾಲಿಯಾದ ಬಲೆ ಜೋತು ಬಿದ್ದು ಗೊರಸು ಸಿಕ್ಕಿಕೊಳ್ಳುತ್ತೆ.

ಕನಕಪುರ ರಸ್ತೆ:
ಲಾಳ ತೆಗೆಸಿದ್ದೀವಿ ಸಾರ್. ಎದೆ ಮಟ್ಟಕ್ಕೆ ಕಟ್ಟಿದ್ದೀನಿ.

ಹಳೇ ಸವಾರ:
ಲಾಳ ಇಲ್ಲದಿದ್ದರೂ ಇನ್ನೊಂದು ಗೇಣು ಮೇಲಕ್ಕೆ ಕಟ್ಟಿ, ಖಾಲಿಯಾದಾಗ ಮೊಣಕಾಲಿಗಿಂತ ಮೇಲಿರಬೇಕು. ಗಂಟು ಎಳೆದರೆ ಬಿಚ್ಚೋ ಥರ ಇರಲಿ.